ನೇಗೊವಾನನ ಸಿಂಹಗಳಿಗೆ ವಿಮೆ

ಲಿಪೊವಾಟ್ಸ್‌ನಿಂದ ಮ್ಲಾವಾ ಹೊಳೆಯ ದಂಡೆ ಹಿಡಿದು ಮೇಲಕ್ಕೆ ಹೋಗಿ, ಕೆಳಕ್ಕೆ ಹೋಗಿ, ಗೇಟಿನ ಕಂಬದ ಮೇಲೆ ಸಿಂಹ ಕೂತಿರುವುದು ಕಂಡರೆ ಅದು ನೇಗೊವಾನನದೇ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ಇಪ್ಪತ್ತೆರಡು ವರ್ಷಗಳಿಂದ ಅವನು ತನ್ನ ಅಂಗಳದ ಪ್ಲಮ್ ಮರದಡಿ ಸಿಮೆಂಟು ಕಲಸಿ, ಎರಡು ಅಚ್ಚುಗಳಲ್ಲಿ ಹೊಯ್ದು, ಸಿಂಹ ತೆಗೆಯುತ್ತ ಬಂದಿದ್ದಾನೆ. ಒಂದು ಅಚ್ಚಿನ ಸಿಂಹ ಕೂತಿರುತ್ತದೆ, ಇನ್ನೊಂದರದು ಮಲಗಿರುತ್ತದೆ. ಎರಡರ ಮುಖವೂ ಒಂದೇ: ಯಾರೋ ಈಗಷ್ಟೇ ಬಂದು ಏನೋ ಹೇಳಿ ಹೋಗಿದ್ದಾರೆ, ಅದು ಪೂರ್ತಿ ಅರ್ಥವಾಗಿಲ್ಲ ಎನ್ನುವಂಥ ಮುಖ. ನಮ್ಮ ಕಡೆಯವರು ವಿಯೆನ್ನಾದಲ್ಲಿ ಮೂವತ್ತು ವರ್ಷ ದುಡಿದು ಊರಿನಲ್ಲಿ ಮೂರಂತಸ್ತಿನ ಮನೆ ಕಟ್ಟಿಸುತ್ತಾರೆ. ಆಮೇಲೆ ವಿಯೆನ್ನಾಕ್ಕೇ ವಾಪಸು ಹೋಗುತ್ತಾರೆ. ಹಾಗಾಗಿ ಮನೆ ಕಾಯಲು ಸಿಂಹ ಬೇಕಾಗುತ್ತದೆ.

ನನ್ನ ಹೆಸರು ಮಿತಾರ್. ವಾಹನ ತಪಾಸಣೆ ಕೇಂದ್ರದಲ್ಲಿ ಬ್ರೇಕು ನೋಡುವ ಕೆಲಸ. ದಿನವಿಡೀ ವಾಹನಗಳ ಅಡಿಯ ಗುಂಡಿಯೊಳಗೆ ನಿಂತಿರುತ್ತೇನೆ. ವಿಮೆಯ ಮೇಜು ನನ್ನ ಗುಂಡಿಯಿಂದ ಮೂರು ಹೆಜ್ಜೆ. ಗುಂಡಿಯಲ್ಲಿ ನಿಂತವನಿಗೆ ಜನರ ಮುಖ ಕಾಣುವುದಿಲ್ಲ, ಬೂಟು ಕಾಣುತ್ತದೆ, ಮಾತು ಕೇಳುತ್ತದೆ. ಒಂದು ಊರನ್ನು ಅರಿಯಲು ಇಷ್ಟು ಸಾಕು.

ನೇಗೊವಾನ್ ಅಷ್ಟೂ ವರ್ಷ ಸಿಂಹಗಳನ್ನು ಟ್ರ್ಯಾಕ್ಟರಿನ ಹಿಂದಿನ ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಈ ವಸಂತದಲ್ಲಿ ಒಂದು ಬಿಳಿ ವ್ಯಾನು ಕೊಂಡ. ಹಳೆಯದು, ಆದರೆ ಬಾಗಿಲುಗಳು ನಾಲ್ಕೂ ಮುಚ್ಚುತ್ತಿದ್ದವು. ಭಾನುವಾರದ ಊಟಕ್ಕೆ ನನ್ನನ್ನೂ ಕರೆದಿದ್ದ. ಪ್ಲಮ್ ಮರದಡಿ ಮೇಜು, ಮೇಜಿನ ಮೇಲೆ ಹುರುಳಿಕಾಯಿ ಸಾರು, ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ, ಸುತ್ತ ಒಣಗುತ್ತಿರುವ ಹದಿನಾಲ್ಕು ಸಿಂಹಗಳು. ಮಾತು ವ್ಯಾನಿನ ವಿಮೆಗೆ ಬಂತು.

ನೇಗೊವಾನನ ಹೆಂಡತಿಯ ತಮ್ಮ ಬುದಿಮಿರ್ ಹೇಳಿದ, "ಸ್ವಂತ ಉಪಯೋಗ ಅಂತ ಬರ್ಸಿಬಿಡು ಭಾವ. ಅದೇ ಅಗ್ಗ." ಬುದಿಮಿರ್ ಯಾವ ಕೆಲಸವನ್ನೂ ಮಾಡುವುದಿಲ್ಲ. ಆದ್ದರಿಂದ ಎಲ್ಲ ಕೆಲಸದ ಬಗ್ಗೆಯೂ ಅವನಿಗೆ ಅಭಿಪ್ರಾಯವಿದೆ.

"ಸಿಂಹ ತುಂಬ್ಕೊಂಡು ಹೋಗ್ತಿರೋವಾಗ ಯಾರಾದ್ರೂ ತಡೆದ್ರೆ?"

"ಸಾಕ್ಕೊಂಡಿದೀನಿ ಅನ್ನು."

"ನೀನು ಬಾಯ್ಮುಚ್ಕೊಂಡು ಬ್ರೆಡ್ ತಿನ್ನು," ಎಂದಳು ಅವನ ಅಕ್ಕ ಸ್ತಾಮೆಂಕಾ. ಗಂಡನ ಕಡೆ ತಿರುಗಿ, "ನೋಡ್ರೀ, ಕೆಲಸದ ವ್ಯಾನು, ಸ್ವಂತ ಸರಕು ಅಂತ ಇದ್ದದ್ದು ಇದ್ದ ಹಾಗೆ ಬರ್ಸಿ. ವ್ಯಾನಿಗೂ ಮಾಡ್ಸಿ, ಒಳಗಿರೋ ಸಿಮೆಂಟಿಗೂ ಮಾಡ್ಸಿ. ಅಷ್ಟೇ. ಅಲ್ಲಿ ಹೋಗಿ ಬೇರೇನೂ ಮಾತಾಡ್ಬೇಡಿ."

"ಬೇರೇನು ಮಾತಾಡ್ತೀನೇ ನಾನು?" ಎಂದ ನೇಗೊವಾನ್.

ಸೋಮವಾರ ಬೆಳಿಗ್ಗೆ ಅವನ ಸಿಮೆಂಟು ಮೆತ್ತಿದ ಬೂಟುಗಳು ವಿಮೆಯ ಮೇಜಿನ ಮುಂದೆ ಬಂದು ನಿಂತವು. ಮೇಜಿನ ಹಿಂದೆ ಯಾಗೊದಾ. ಹುಡುಗಿ ಒಳ್ಳೆಯವಳೇ. ಆದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎಂದು ಬಲವಾಗಿ ನಂಬಿದವಳು.

"ವ್ಯಾನು ಯಾತಕ್ಕೆ?"

"ಕೆಲಸಕ್ಕೆ."

"ಬೇರೆಯವರ ಸಾಮಾನು ಬಾಡಿಗೆಗೆ ಸಾಗಿಸ್ತೀರೋ, ನಿಮ್ಮದೋ?"

"ನನ್ನದೇ. ಅವರ ಮನೆ ಮುಟ್ಟೋವರೆಗೆ ನನ್ನದು, ಆಮೇಲೆ ಅವರದು."

"ಸ್ವಂತ ಸರಕು. ಏನು ಸರಕು?"

"ಸಿಂಹ."

ಕೀಲಿಮಣೆಯ ಸದ್ದು. "ಪ್ರಾಣಿಗಳು. ಜೀವಂತಾನಾ?"

"ಅಲ್ಲ."

"ಹಾಗಾದ್ರೆ ಮಾಂಸದ ಪಟ್ಟೀಲಿ ಬರುತ್ತೆ. ಶೀತಲ ಪೆಟ್ಟಿಗೆ ಇದ್ಯಾ?"

"ಸಿಮೆಂಟಿನ ಸಿಂಹ, ತಾಯಿ! ಗೇಟಿನ ಮೇಲೆ ಕೂರುತ್ತಲ್ಲ, ಅದು!"

"ಮೊದಲೇ ಹೇಳ್ಬಾರ್ದಾ? ಕಟ್ಟಡ ಸಾಮಗ್ರಿ."

ಸ್ತಾಮೆಂಕಾಳ ಆಜ್ಞೆಯಂತೆ ಎಲ್ಲವೂ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯುತ್ತಲೂ ಇತ್ತು. ಆದರೆ ಸರದಿಯಲ್ಲಿ ಅವನ ಹಿಂದೆ ಹೊಳೆಯುವ ಕಂದು ಬೂಟುಗಳಿದ್ದವು. ಅವು ಹಲ್ಲಿನ ಡಾಕ್ಟರ್ ವಿತೊಮಿರನವು. ನೇಗೊವಾನನ ಜೊತೆ ಎಂಟು ವರ್ಷ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಅವನದನ್ನೇ ನೋಡಿ ಲೆಕ್ಕ ಬರೆದವನು.

"ಬರ್ಕೊಳಮ್ಮ ಬೇಗ, ಕಟ್ಟಡ ಸಾಮಗ್ರಿ ಅಂತ," ಎಂದ ಡಾಕ್ಟರ್. "ಬೆಕ್ಕಿನ ಆಕಾರದಲ್ಲಿದ್ರೂ ಸಿಮೆಂಟು ಸಿಮೆಂಟೇ ತಾನೆ? ನನಗೆ ರೋಗಿಗಳು ಕಾಯ್ತಿದ್ದಾರೆ."

ಸಿಮೆಂಟಿನ ಬೂಟುಗಳು ನಿಧಾನವಾಗಿ ಹಿಂದಕ್ಕೆ ತಿರುಗಿದವು. ಕಂದು ಬೂಟುಗಳನ್ನು ಎದುರಿಸಿ ಸ್ವಲ್ಪ ಹೊತ್ತು ನಿಂತವು. ಮತ್ತೆ ಮೇಜಿನ ಕಡೆ ತಿರುಗಿದವು.

"ಆ ಪಟ್ಟೀಲಿ ಇನ್ನೇನೇನಿದೆ, ಯಾಗೊದಾ?"

"ತರಕಾರಿ, ಪೀಠೋಪಕರಣ, ಗಾಜು, ಔಷಧ, ಕಲಾಕೃತಿ ಮತ್ತು ಪುರಾತನ ವಸ್ತು..."

"ಅದು."

"ಯಾವುದು?"

"ಕಲಾಕೃತಿ."

"ಅದಕ್ಕೆ ಕಂತು ತುಂಬಾ ಜಾಸ್ತಿ ಕಣ್ರೀ."

"ಜಾಸ್ತಿ ಇರ್ಬೇಕಾದ್ದೇ."

"ಸರಿ. ಉದ್ಯೋಗ?"

ಬೂಟುಗಳು ಜೋಡಿಯಾಗಿ ನೆಟ್ಟಗೆ ನಿಂತವು. "ಶಿಲ್ಪಿ," ಎಂದ ನೇಗೊವಾನ್.

ಬ್ರೇಕು ಪರೀಕ್ಷಿಸುವ ಯಂತ್ರವೂ ಒಂದು ಕ್ಷಣ ಸುಮ್ಮನಾಯಿತು. ಅದನ್ನು ನಿಲ್ಲಿಸಿದವನು ನಾನೇ.

ಎರಡು ವಾರದ ಮೇಲೆ ಬೆಲ್‌ಗ್ರೇಡಿನ ಮುಖ್ಯ ಕಚೇರಿಯಿಂದ ದಪ್ಪ ಲಕೋಟೆ ಬಂತು. ಕಲಾಕೃತಿಗಳನ್ನು ಸಾಗಿಸುವ ಗ್ರಾಹಕರು ಪಾಲಿಸಬೇಕಾದ ಶರತ್ತುಗಳು. ವಾಹನಕ್ಕೆ ಕಳ್ಳರು ಮುಟ್ಟಿದರೆ ಬಡಿದುಕೊಳ್ಳುವ ಗಂಟೆ ಕಡ್ಡಾಯ. ಪ್ರತಿ ಕೃತಿಯನ್ನೂ ಮೃದುವಾದ ಬಟ್ಟೆಯಲ್ಲಿ ಸುತ್ತಿರಬೇಕು. ಪ್ರತಿ ಕೃತಿಗೂ ಶೀರ್ಷಿಕೆ ಇರಬೇಕು. ದಾರಿಯುದ್ದಕ್ಕೂ ಚಾಲಕನಲ್ಲದೆ ಇನ್ನೊಬ್ಬ ವ್ಯಕ್ತಿ ಕೃತಿಗಳ ಪಕ್ಕದಲ್ಲೇ ಇದ್ದು ಅವುಗಳ ಮೇಲೆ ಕಣ್ಣಿಟ್ಟಿರಬೇಕು.

ಸ್ತಾಮೆಂಕಾ ಕಾಗದವನ್ನು ಎರಡು ಸಲ ಓದಿದಳು. ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆಗಳ ಸದ್ದು ಬಂತು. ವಾಪಸು ಬಂದು ಕೇಳಿದಳು, "ಕಲಾಕೃತಿ ಅಂದ್ರೆ ಯಾವುದು? ಇವಾ?"

"ಬರಹದಲ್ಲಿ ಮಾತ್ರ ಕಣೇ."

"ಬರಹದಲ್ಲಿ ಇವಕ್ಕೆ ಕಂಬಳಿ ಬೇಕಂತೆ!"

ಕಂಬಳಿ ಬೇಕೇ ಬೇಕಾಯಿತು. ಮದುವೆಯಲ್ಲಿ ಬಂದಿದ್ದ ಉಣ್ಣೆಯ ಕಂಬಳಿಗಳು ಮೊದಲು ಹೋದವು, ಆಮೇಲೆ ನೆಂಟರಿಗೆಂದು ಇಟ್ಟಿದ್ದವು. ಏಪ್ರಿಲಿನ ಚಳಿಯಲ್ಲಿ ಗಂಡ ಹೆಂಡತಿ ಕೋಟು ಹಾಕಿಕೊಂಡು ಮಲಗಿದರು, ಸಿಂಹಗಳು ಬೆಚ್ಚಗಿದ್ದವು. ಕಳ್ಳರ ಗಂಟೆಯನ್ನು ಬುದಿಮಿರನ ಗೆಳೆಯನೊಬ್ಬ ತಂದು ಜೋಡಿಸಿದ. ಬೆಕ್ಕು ಹಾರಿದರೆ, ಚರ್ಚಿನ ಗಂಟೆ ಹೊಡೆದರೆ, ಪಕ್ಕದ ಮನೆಯ ರಾದೊಯ್ಕಾ ಅಜ್ಜಿ ಕೆಮ್ಮಿದರೆ ಅದು ಬಡಿದುಕೊಳ್ಳುತ್ತಿತ್ತು. ಅಜ್ಜಿ ಬೇಲಿಯ ಬಳಿ ಬಂದು ನಿಂತು ಯೋಚಿಸಿದಳು. ಸಿಮೆಂಟಿಗೆ ಯಾರಾದರೂ ಗಂಟೆ ಕಟ್ಟುತ್ತಾರೆಯೇ? ಇಲ್ಲ. ಹಾಗಾದರೆ ಸಿಂಹಗಳ ಹೊಟ್ಟೆಯಲ್ಲಿ ಚಿನ್ನವಿದೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಬೇಕರಿಯಲ್ಲಿ ಮಾತ್ರ ಹೇಳಿದಳು.

ಕಾವಲಿನ ಎರಡನೇ ವ್ಯಕ್ತಿ ಬುದಿಮಿರ್ ಎಂದು ತೀರ್ಮಾನವಾಯಿತು. ಅವನಿಗೆ ವ್ಯಾನಿನ ಹಿಂಬದಿಯಲ್ಲಿ ಒಂದು ಸ್ಟೂಲು. ಶೀರ್ಷಿಕೆಗಳ ಜವಾಬ್ದಾರಿಯನ್ನೂ ಅವನೇ ಹೊತ್ತ. ಜೀವನದಲ್ಲಿ ಮೊದಲ ಸಲ ಅವನು ಬೆಳಿಗ್ಗೆ ಏಳು ಗಂಟೆಗೆ ಎದ್ದು ಕೆಲಸಕ್ಕೆ ಕೂತದ್ದನ್ನು ನಾನು ಕಣ್ಣಾರೆ ಕಂಡೆ. 'ಬಸ್ಸಿಗೆ ಕಾದ ಸಿಂಹ.' 'ಅದೇ ಸಿಂಹ, ಬಸ್ಸು ಹೋದ ಮೇಲೆ.' 'ಮಾವನ ಮನೆಯಲ್ಲಿ ಮೊದಲ ಊಟ.' ಎಲ್ಲವೂ ಒಂದೇ ಅಚ್ಚಿನವು. ಆದರೆ ಶೀರ್ಷಿಕೆ ಓದಿ ನೋಡಿದರೆ, ಏನು ಹೇಳಲಿ, ಮುಖಗಳು ಬೇರೆ ಬೇರೆಯಾಗಿಯೇ ಕಾಣುತ್ತಿದ್ದವು.

ಮೇ ತಿಂಗಳ ಒಂದು ಬೆಳಿಗ್ಗೆ, ಹಳೆಯ ರೋಮನ್ ಕೋಟೆಯ ಅಗೆತ ನಡೆಯುವ ಜಾಗದ ಪಕ್ಕದ ರಸ್ತೆಯಲ್ಲಿ, ಪೊಲೀಸ್ ಮಿಲೆಂಕೊ ವ್ಯಾನಿಗೆ ಕೈ ಅಡ್ಡ ಹಿಡಿದ. ಪುರಾತನ ವಸ್ತುಗಳ ಕಳ್ಳಸಾಗಣೆಯ ಬಗ್ಗೆ ಎಚ್ಚರವಿರಲಿ ಎಂದು ಅವನಿಗೆ ಹಿಂದಿನ ವಾರವಷ್ಟೇ ಸುತ್ತೋಲೆ ಬಂದಿತ್ತು. ಹಿಂದಿನ ಬಾಗಿಲು ತೆರೆದ. ಸ್ಟೂಲಿನ ಮೇಲೆ ಬುದಿಮಿರ್, ಅವನ ಕಾಲ ಬಳಿ ಕಂಬಳಿ ಸುತ್ತಿದ ಎರಡು ಭಾರಿ ಆಕಾರಗಳು. ಗಂಟೆ ಬಡಿದುಕೊಳ್ಳತೊಡಗಿತು. ಮಿಲೆಂಕೊ ಕಾಗದ ಪತ್ರ ಕೇಳಿದ. ವಿಮೆಯ ಕಾಗದ ಓದಿದ.

"ಕಲಾಕೃತಿ ಮತ್ತು ಪುರಾತನ ವಸ್ತು ಅಂತ ಇದೆಯಲ್ಲಪ್ಪ."

"ಹೂಂ," ಎಂದ ನೇಗೊವಾನ್, ಸ್ವಲ್ಪ ಹೆಮ್ಮೆಯಿಂದಲೇ.

"ಎಲ್ಲಿಂದ ತೆಗೆದದ್ದು?"

"ನಮ್ಮ ಅಂಗಳದಿಂದ."

"ನೀನೇ ತೆಗೆದೆಯಾ?"

"ಬೇರೆ ಯಾರು ತೆಗೀತಾರೆ? ಹುಷಾರಾಗಿ ಅಲ್ಲಾಡಿಸಿ ಅಲ್ಲಾಡಿಸಿ ತೆಗೀಬೇಕು. ಅವಸರ ಮಾಡಿದ್ರೆ ಕಿವಿ ಹೋಗುತ್ತೆ."

"ಇನ್ನೂ ಇವೆಯಾ ಅಲ್ಲಿ?"

"ಹನ್ನೆರಡಿವೆ."

ಮಿಲೆಂಕೊ ಮೆಲ್ಲಗೆ ಕಂಬಳಿ ಸರಿಸಿದ. ಸಿಂಹದ ಮುಖವನ್ನು ಬಹಳ ಹೊತ್ತು ನೋಡಿದ. "ಇದನ್ನ ನಾನು ಎಲ್ಲೋ ನೋಡಿದೀನಿ."

"ನಿಮ್ಮನೆ ಗೇಟಲ್ಲಿ ಎರಡಿದೆಯಲ್ಲೋ ಮಾರಾಯ, ನಾನೇ ಕೊಟ್ಟಿದ್ದು!"

ಮಿಲೆಂಕೊನ ಮುಖ ಬಿಳಿಚಿಕೊಂಡಿತು. ಟೋಪಿ ತೆಗೆದು ಹಣೆ ಒರೆಸಿಕೊಂಡ. ಅವನು ಕಟ್ಟುನಿಟ್ಟಿನ ಮನುಷ್ಯ. ವರದಿಯಲ್ಲಿ ಮೊದಲು ನೇಗೊವಾನನ ಹೆಸರು ಬರೆದ, ಆಮೇಲೆ ಬುದಿಮಿರನದು, ಅದರ ಕೆಳಗೆ ತನ್ನದೇ ಹೆಸರು, ತಂದೆಯ ಹೆಸರು, ಮನೆ ನಂಬರು.

ಮಾರನೆಯ ದಿನ ಜಿಲ್ಲಾ ಪಟ್ಟಣದಿಂದ ಪುರಾತತ್ವದ ಡಾಕ್ಟರ್ ಲೆಪೊಸಾವಾ ಬಂದರು. ತೆಳ್ಳಗಿನ ಹೆಂಗಸು, ಕೊರಳಿಗೆ ಎರಡು ಕನ್ನಡಕ. ಅಂಗಳದಲ್ಲಿ ಸಾಲಾಗಿ ನಿಂತ ಸಿಂಹಗಳನ್ನು ಒಂದು ಕನ್ನಡಕದಲ್ಲಿ ನೋಡಿದರು, ಇನ್ನೊಂದರಲ್ಲಿ ನೋಡಿದರು, ಎರಡನ್ನೂ ತೆಗೆದು ನೋಡಿದರು. ಬೆರಳಿನಿಂದ ತಟ್ಟಿದರು.

"ಇದರ ಕಾಲ ನಿಮಗೆ ಗೊತ್ತಿದೆಯಾ?" ಎಂದು ನೇಗೊವಾನನನ್ನು ಕೇಳಿದರು.

"ಕಳೆದ ಮಂಗಳವಾರದ್ದು, ಡಾಕ್ಟ್ರೇ. ಮಳೆ ಬಂತು ಅಂತ ಗುರುವಾರ ಅಚ್ಚು ಬಿಡಿಸಿದೆ."

"ಆ ಮೂಲೇಲಿರೋದು?"

"ಅದು ಹಳೇದು. ಈಸ್ಟರ್‌ಗೆ ಮುಂಚಿನದು."

ಅವರು ಅಲ್ಲೇ ನಿಂತು ಪ್ರಮಾಣಪತ್ರ ಬರೆದು ಮೊಹರು ಒತ್ತಿದರು. 'ಪರೀಕ್ಷಿಸಿದ ವಸ್ತುಗಳು ಇತ್ತೀಚಿನ ಸಿಮೆಂಟಿನವು. ಇವಕ್ಕೆ ಐತಿಹಾಸಿಕ ಮೌಲ್ಯವಾಗಲಿ ಕಲಾತ್ಮಕ ಮೌಲ್ಯವಾಗಲಿ ಇಲ್ಲ.' ಮಿಲೆಂಕೊ ನಿಟ್ಟುಸಿರು ಬಿಟ್ಟು, ವರದಿಯಿಂದ ತನ್ನ ಹೆಸರನ್ನು ಮೊದಲು ಹೊಡೆದುಹಾಕಿದ. ರಾದೊಯ್ಕಾ ಅಜ್ಜಿ ಬೇಕರಿಯಲ್ಲಿ ಸುದ್ದಿ ಮುಟ್ಟಿಸಿದಳು: ಸರ್ಕಾರದವರು ಬಂದು ಸಿಂಹಗಳಿಗೆ ಸರ್ಟಿಫಿಕೇಟು ಕೊಟ್ಟು ಹೋದರು.

ನೇಗೊವಾನ್ ಆ ಕಾಗದವನ್ನು ಕೈಯಲ್ಲಿ ಹಿಡಿದು ಪ್ಲಮ್ ಮರದಡಿ ಕೂತ. ಬಿಡುಗಡೆಯಾಗಿತ್ತು, ಸಂತೋಷಪಡಬೇಕಾಗಿತ್ತು.

"ಐತಿಹಾಸಿಕ ಇಲ್ಲ ಅಂತ ಬರೆದಿದ್ರೆ ಸಾಕಿತ್ತಲ್ಲ, ಮಿತಾರ್," ಎಂದ ನನಗೆ. "ಪೊಲೀಸ್ ಕೇಳಿದ್ದು ಅದೊಂದನ್ನೇ."

ಇನ್ನೊಮ್ಮೆ ಯಾರಾದರೂ ತಡೆದರೆ ತೋರಿಸಲು ಬರುತ್ತದೆ ಎಂದು ಅದನ್ನು ಮಡಿಸಿ, ವ್ಯಾನಿನಲ್ಲಿ ವಿಮೆಯ ಕಾಗದದ ಜೊತೆಗೇ ಇಟ್ಟ. ಎರಡು ಕಾಗದಗಳೂ ಮೂರು ವಾರ ಒಂದರ ಮೇಲೊಂದು ಶಾಂತವಾಗಿ ಮಲಗಿದ್ದವು.

ಆಮೇಲೆ ಬಾತುಕೋಳಿಗಳು ಬಂದವು.

ಪಕ್ಕದ ಊರು ದುಬ್ರಾವಾದಲ್ಲಿ ಗ್ವೋಜ್ದೆನ್ ಎಂಬವನ ಮಗಳ ಮದುವೆ. ವಿಯೆನ್ನಾದಲ್ಲಿ ಸಾರಣೆ ಕೆಲಸದ ಮೇಸ್ತ್ರಿ ಅವನು, ಮದುವೆಗೆ ಹೊಸ ಗೇಟು ಮಾಡಿಸಿದ್ದ. ಶನಿವಾರ ಮದುವೆ, ಗುರುವಾರ ಎರಡು ಕೂತ ಸಿಂಹಗಳು ಗೇಟಿನ ಮೇಲೆ ಇರಬೇಕೆಂದು ಮಾತಾಗಿತ್ತು. ಗುರುವಾರ ಬೆಳಿಗ್ಗೆ ಹತ್ತಕ್ಕೆ, ದುಬ್ರಾವಾದ ಇಳಿಜಾರಿನಲ್ಲಿ, ಮೂವತ್ತು ಬಾತುಕೋಳಿಗಳು ರಸ್ತೆ ದಾಟಲು ಹೊರಟವು. ನೇಗೊವಾನ್ ಬ್ರೇಕು ಒತ್ತಿದ. ಬ್ರೇಕು ಹಿಡಿಯಿತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಆ ಬ್ರೇಕನ್ನು ಪರೀಕ್ಷಿಸಿದವನು ನಾನು. ಆದರೆ ಬ್ರೇಕು ಹಿಡಿದದ್ದು ವ್ಯಾನನ್ನು, ಸಿಂಹಗಳನ್ನಲ್ಲ. ಅವು ಮುಂದಕ್ಕೆ ಹೊರಟವು, ಅವುಗಳ ಭಾರಕ್ಕೆ ವ್ಯಾನೂ ಹೊರಟಿತು, ಚರಂಡಿಯಲ್ಲಿ ಮೂಗು ಊರಿ ನಿಂತಿತು. ಬುದಿಮಿರ್‌ಗೆ ಏನೂ ಆಗಲಿಲ್ಲ, ಕಂಬಳಿಗಳು ಅವನಿಗೆ ಒದಗಿಬಂದವು. ಬಾಗಿಲು ತೆಗೆದಾಗ ಅವನು ಒಂದು ಸಿಂಹದ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಭಾವ, 'ಬಸ್ಸಿಗೆ ಕಾದ ಸಿಂಹ' ಹೋಯ್ತು," ಎಂದ. ಕಣ್ಣಲ್ಲಿ ನೀರಿತ್ತು.

ಇನ್ನೊಂದು ಸಿಂಹ ಸೊಂಟದಲ್ಲಿ ಎರಡು ತುಂಡಾಗಿತ್ತು, ವ್ಯಾನಿನ ಮುಂಭಾಗ ನಜ್ಜುಗುಜ್ಜಾಗಿತ್ತು. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಅಂಗಳಕ್ಕೆ ಎಳೆತಂದರು. ಅದೇ ದಿನ ಮಧ್ಯಾಹ್ನ ವಿಮಾ ಕಂಪನಿಯ ಪರಿಶೀಲಕ ಸ್ಪಾಸೊಯೆ ಬಂದ. ಗಿಡ್ಡ ಮನುಷ್ಯ, ಜೇಬಿನಲ್ಲಿ ಮಡಚುವ ಅಳತೆಗೋಲು. ಸ್ತಾಮೆಂಕಾ ತಟ್ಟೆಯಲ್ಲಿ ಕಾಫಿ, ನೀರು, ಚೆರ್ರಿಯ ಸಿಹಿ ತಂದಿಟ್ಟಳು.

"ಕೆಲಸ ಮುಗಿಯೋವರೆಗೆ ಏನೂ ಮುಟ್ಟಲ್ಲ," ಎಂದ ಸ್ಪಾಸೊಯೆ.

ಅಂಗಳದಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಕಾಫಿ ಬೇಡ ಎನ್ನುವ ಅಧಿಕಾರಿಯನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ವಿಷಯ ಗಂಭೀರವಾಗಿದೆ ಎಂದು ಆಗ ಗೊತ್ತಾಯಿತು.

ಅವನು ವ್ಯಾನನ್ನು ಅಳೆದ, ಸಿಂಹಗಳನ್ನು ಅಳೆದ, ಮುರಿದ ತಲೆಯನ್ನು ಬೇರೆಯಾಗಿ ಅಳೆದ. ವ್ಯಾನಿನ ಖಾನೆಯಿಂದ ಕಾಗದಗಳನ್ನು ತೆಗೆದ. ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದ.

"ಇದರಲ್ಲಿ ಕಲೆ ಅಂತಿದೆ," ಎಂದ. "ಇದರಲ್ಲಿ ಕಲೆ ಅಲ್ಲ ಅಂತಿದೆ. ಯಾವುದು ಸುಳ್ಳು?"

ನೇಗೊವಾನ್ ಎರಡು ಕಾಗದಕ್ಕೂ ಕೈ ಚಾಚಿದ, ಸ್ಪಾಸೊಯೆ ಕೊಡಲಿಲ್ಲ.

"ನೋಡಿ, ನೇಗೊವಾನ್ ಅವರೇ. ಕಲೆ ಅನ್ನೋದು ಸುಳ್ಳಾದ್ರೆ, ನೀವು ಸುಳ್ಳು ಮಾಹಿತಿ ಕೊಟ್ಟ ಹಾಗಾಯ್ತು. ಆಗ ಇಡೀ ಪಾಲಿಸಿ ರದ್ದು. ಸಿಂಹಕ್ಕೂ ಇಲ್ಲ, ವ್ಯಾನಿಗೂ ಇಲ್ಲ. ಕಲೆ ಅನ್ನೋದು ನಿಜವಾದ್ರೆ ನೀವು ಶಿಲ್ಪಿ ಅನ್ನೋದಕ್ಕೆ ಪುರಾವೆ ಬೇಕು."

ವ್ಯಾನಿಲ್ಲದೆ ನೇಗೊವಾನನ ಕೆಲಸವಿಲ್ಲ. ಟ್ರ್ಯಾಕ್ಟರಿನ ಗಾಡಿಯನ್ನು ಅವನು ಆಗಲೇ ಮಾರಿಯಾಗಿತ್ತು. ಅವನ ಮುಖ ಅವನದೇ ಸಿಂಹಗಳ ಮುಖದಂತಾಯಿತು. ನೆರೆಹೊರೆ ಸಹಾಯಕ್ಕೆ ಧಾವಿಸಿದ್ದು ಆಗಲೇ.

"ಪುರಾವೆ ಏನು ಬಂತು?" ಎಂದು ರಾದೊಯ್ಕಾ ಅಜ್ಜಿ ಬೇಲಿಯಾಚೆಯಿಂದಲೇ ಶುರುಮಾಡಿದಳು. "ಹುಟ್ಟಿದಾಗಿಂದ ನೋಡಿದೀನಿ ಸ್ವಾಮಿ. ನಾಲ್ಕು ವರ್ಷದವರೆಗೆ ಬಾಯೇ ಬಿಡ್ಲಿಲ್ಲ ಇವನು. ಮಣ್ಣು ತಿಂತಿದ್ದ. ಕಲಾವಿದರು ಹಾಗೇ ಅಲ್ವಾ?"

"ಮಣ್ಣು ತಿಂತಿದ್ರು," ಎಂದು ಸ್ಪಾಸೊಯೆ ಬರೆದುಕೊಂಡ.

ಬುದಿಮಿರ್ ಶೀರ್ಷಿಕೆಗಳ ಪಟ್ಟಿ ತಂದು ಓದತೊಡಗಿದ. 'ಮಾವನ ಮನೆಯಲ್ಲಿ ಮೊದಲ ಊಟ'ದ ಹತ್ತಿರ ಬಂದಾಗ ಅವನ ಅಕ್ಕ ಪಟ್ಟಿ ಕಿತ್ತುಕೊಂಡಳು. ಪೊಲೀಸ್ ಮಿಲೆಂಕೊ ಟೋಪಿ ಸರಿಮಾಡಿಕೊಂಡು ಮುಂದೆ ಬಂದ. ಅವನಿಗೆ ಸಹಾಯ ಮಾಡುವ ಮನಸ್ಸೇ ಇತ್ತು.

"ನಾನು ಅಧಿಕೃತವಾಗಿ ಹೇಳ್ತೀನಿ," ಎಂದ. "ಇವು ಎರಡು ಕಾಸಿಗೂ ಬಾಳಲ್ಲ. ತಜ್ಞರಿಂದಲೇ ಬರೆಸಿದೀವಿ. ಈ ಮನುಷ್ಯ ನಿರಪರಾಧಿ."

"ಮಿಲೆಂಕೊ," ಎಂದ ನೇಗೊವಾನ್ ಬೇಡಿಕೊಳ್ಳುವ ದನಿಯಲ್ಲಿ, "ಈಗ ಅದು ಕೇಸಲ್ಲ ಕಣೋ."

ಸ್ಪಾಸೊಯೆ ಸ್ತಾಮೆಂಕಾಳ ಕಡೆ ತಿರುಗಿದ. "ನೀವು ಹೇಳಿ. ನಿಮ್ಮ ಯಜಮಾನರು ಏನು ಕೆಲಸ ಮಾಡ್ತಾರೆ?"

ಎರಡು ತಿಂಗಳು ಕೋಟು ಹೊದ್ದು ಮಲಗಿದ ಹೆಂಗಸು ಅವಳು. ಏನು ಹೇಳುತ್ತಾಳೋ ಎಂದು ನಾನು ನೆಲ ನೋಡಿದೆ.

"ಬೆಳಿಗ್ಗೆ ಐದಕ್ಕೆ ಎದ್ದು ಮರಳು ಜರಡಿ ಹಿಡೀತಾರೆ," ಎಂದಳು. "ಅಚ್ಚಿಂದ ತೆಗೆದ ಮೇಲೆ ಒಂದೊಂದರ ಮುಖಾನೂ ಒದ್ದೆ ಬಟ್ಟೇಲಿ ಒರೆಸ್ತಾರೆ. ಹಲ್ಲಿಗೆ ಅಂತ ಒಂದು ಚಿಕ್ಕ ಚಾಕು ಇಟ್ಕೊಂಡಿದಾರೆ. ಗೇಟು ಹತ್ತಿ ಸಿಂಹದ ಹಲ್ಲು ನೋಡೋರು ಯಾರೂ ಇಲ್ಲ ಅಂತ ನಾನು ಎಷ್ಟು ಸಲ ಹೇಳಿದೀನಿ. ಕೇಳಲ್ಲ. ಇದಕ್ಕೆ ನಿಮ್ಮ ಪಟ್ಟೀಲಿ ಏನಂತ ಹೆಸರಿದೆಯೋ ನೀವೇ ನೋಡ್ಕೊಳ್ಳಿ. ಕಾಫಿ ಆರ್ತಿದೆ."

ನೇಗೊವಾನ್ ಹೆಂಡತಿಯನ್ನು ನೋಡಿದ. ಹಲ್ಲಿನ ಚಾಕು ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಸ್ಪಾಸೊಯೆ ತಲೆ ಕೆರೆದುಕೊಂಡ. ಆಗ ನಾನು ಬಾಯಿ ಬಿಟ್ಟೆ. ಗುಂಡಿಯ ಹೊರಗೆ ನಾನು ಹೆಚ್ಚು ಮಾತಾಡುವವನಲ್ಲ.

"ಸಾರ್, ಒಂದು ಮಾತು. ಕಟ್ಟಡ ಸಾಮಗ್ರಿಗಿಂತ ಕಲಾಕೃತಿಗೆ ಕಂತು ಜಾಸ್ತಿ ಅಲ್ವಾ?"

"ಮೂರು ಪಟ್ಟು."

"ಇವನು ಅದನ್ನ ಕಟ್ಟಿದಾನಲ್ಲ. ನಿಮ್ಮ ಕಂಪನಿಗೆ ಮೋಸ ಎಲ್ಲಾಯ್ತು? ಯಾಗೊದಾನ ಕೇಳಿ ಬೇಕಾದ್ರೆ. ಜಾಸ್ತಿ ಅಂತ ಅವಳೂ ಹೇಳಿದ್ಲು, ಆದರೂ ಇವನು ಒಪ್ಪಿದ."

ಸ್ಪಾಸೊಯೆ ಯಾಗೊದಾಗೆ ಫೋನು ಮಾಡಿದ, ಆಮೇಲೆ ಬೆಲ್‌ಗ್ರೇಡಿಗೆ ಮಾಡಿದ. ಬೇಲಿಯ ಆಚೆಗೆ ಹೋಗಿ ಬೆನ್ನು ತಿರುಗಿಸಿ ಮಾತಾಡಿದ. ರಾದೊಯ್ಕಾ ಅಜ್ಜಿ ಕೇಳಿಸಿಕೊಳ್ಳಲೆಂದು ಅವನ ಪಕ್ಕಕ್ಕೇ ಹೋಗಿ ನಿಂತಳು. ಅವನು ವಾಪಸು ಬಂದವನೇ ಕಾಗದ ತೆಗೆದ.

"ಸುಳ್ಳು ಹೇಳಿ ಲಾಭ ಮಾಡ್ಕೊಂಡವರಿಗೆ ನಮ್ಮಲ್ಲಿ ನಿಯಮ ಇದೆ. ತನಗೇ ನಷ್ಟ ಮಾಡ್ಕೊಂಡವರಿಗೆ ನಿಯಮ ಇಲ್ಲ. ಯಾರೂ ಇದುವರೆಗೆ ಮಾಡಿಲ್ಲ," ಎಂದ. "ಪಾಲಿಸೀನ ಕೆಲಸದ ವ್ಯಾನು, ಸ್ವಂತ ಸರಕು, ಕಟ್ಟಡ ಸಾಮಗ್ರಿ ಅಂತ ತಿದ್ದೋಣ. ವ್ಯಾನಿನ ರಿಪೇರಿ ಪೂರ್ತಿ ಕಂಪನಿದು. ಸಿಂಹಗಳಿಗೆ ಸಿಮೆಂಟಿನ ಬೆಲೆ. ಇಲ್ಲೊಂದು ಹೇಳಿಕೆಗೆ ಸಹಿ ಹಾಕಿ."

ಹೇಳಿಕೆ ಮೂರೇ ಸಾಲು. 'ನಾನು ಶಿಲ್ಪಿಯಲ್ಲ. ಮುರಿದ ವಸ್ತುಗಳು ಸಿಮೆಂಟಿನ ಸಾಮಾನುಗಳು. ಮೊದಲು ಕೊಟ್ಟ ಮಾಹಿತಿ ತಪ್ಪು.'

ನೇಗೊವಾನ್ ಅದನ್ನು ಓದಿದ. ಪೆನ್ನು ಹಿಡಿದ. ಇಡೀ ಬೀದಿ ಬೇಲಿಗೆ ಒರಗಿ ನಿಂತಿತ್ತು. ಹಲ್ಲಿನ ಡಾಕ್ಟರ್ ವಿತೊಮಿರನೂ ಕಾರು ನಿಲ್ಲಿಸಿ ಇಣುಕುತ್ತಿದ್ದ.

"'ಸಾಮಾನು' ಅನ್ನೋ ಕಡೆ 'ಸಿಂಹ' ಅಂತ ಬರೆಯೋಕಾಗುತ್ತಾ?"

ಸ್ಪಾಸೊಯೆ ಯೋಚಿಸಿದ. "'ಸಿಮೆಂಟಿನ ಸಿಂಹ' ಅಂತ ಬರೀಬಹುದು."

"ಬರೀರಿ."

ಅವನು ತಿದ್ದಿದ, ನೇಗೊವಾನ್ ಸಹಿ ಹಾಕಿದ. ಸ್ಪಾಸೊಯೆ ಅಳತೆಗೋಲು ಮಡಚಿ ಜೇಬಿಗಿಟ್ಟು, ಆರಿದ ಕಾಫಿಯನ್ನು ಕುಡಿದು, ಎರಡು ಚಮಚ ಚೆರ್ರಿ ತಿಂದ. ಹೋಗುವಾಗ, ಯಾರಿಗೂ ಕಾಣುವುದಿಲ್ಲ ಎಂದುಕೊಂಡು, ಮುರಿದ ತಲೆಯ ಬಾಯೊಳಗೆ ಬೆರಳು ಹಾಕಿ ಹಲ್ಲು ಮುಟ್ಟಿ ನೋಡಿದ.

ಮದುವೆಗೆ ಎರಡು ದಿನವಿತ್ತು. ಹೊಸ ಸಿಂಹ ಎರೆದರೆ ಒಣಗುವುದಿಲ್ಲ, ಅಂಗಳದಲ್ಲಿ ಉಳಿದ ಕೂತ ಸಿಂಹ ಒಂದೇ. ಹಾಗಾಗಿ ಮುರಿದದ್ದರಲ್ಲಿ ಚೆನ್ನಾಗಿದ್ದ ಒಂದಕ್ಕೆ ಕಬ್ಬಿಣದ ಸರಳು ತೂರಿಸಿ ತಲೆ ಕೂರಿಸಿದರು. ತಲೆ ಹಿಡಿದುಕೊಳ್ಳುವ ಕೆಲಸ ಬುದಿಮಿರನದು. ಸಿಮೆಂಟು ಹಿಡಿಯುವಾಗ ಅವನಿಗೊಂದು ಫೋನು ಬಂತು, ಅವನು ಎಡಕ್ಕೆ ತಿರುಗಿ ಮಾತಾಡಿದ, ತಲೆಯೂ ಎಡಕ್ಕೆ ತಿರುಗಿತು. ನೋಡುವಷ್ಟರಲ್ಲಿ ಗಟ್ಟಿಯಾಗಿತ್ತು. ಎರವಲು ಟ್ರ್ಯಾಕ್ಟರಿನಲ್ಲಿ ಅದನ್ನು ಒಯ್ದು ಗ್ವೋಜ್ದೆನನ ಗೇಟಿನ ಮೇಲೆ ಕೂರಿಸಿದಾಗ, ಬಲಗಂಬದ ಸಿಂಹ ನೇರ ನೋಡುತ್ತಿತ್ತು, ಎಡಗಂಬದ್ದು ಬೇರೇನನ್ನೋ ನೋಡುತ್ತಿತ್ತು. ಗ್ವೋಜ್ದೆನ್ ಸುತ್ತ ಒಂದು ಸುತ್ತು ಹಾಕಿ, "ವಿಯೆನ್ನಾದಲ್ಲಿ ಹೀಗಿರೋದನ್ನ ನೋಡಿದೀನಿ," ಎಂದ. ವಾದ್ಯದವರು ನುಡಿಸತೊಡಗಿದರು.

ಸೋಮವಾರ ನೇಗೊವಾನನ ಅಂಗಳಕ್ಕೆ ಒಬ್ರೆನ್ ಎಂಬ ಮನುಷ್ಯ ಬಂದ. ಗ್ವೋಜ್ದೆನನ ಎದುರುಮನೆಯವನು.

"ಆ ಸಿಂಹ ನಮ್ಮ ಅಡುಗೆಮನೆ ನೋಡ್ತಿದೆ," ಎಂದ.

"ತಪ್ಪಾಗಿದೆ, ಸ್ವಾಮಿ. ಬಂದು ತೆಗೀತೀನಿ—"

"ಯಾರು ತೆಗಿ ಅಂದಿದ್ದು? ಮೂರು ದಿನದಿಂದ ನನ್ನ ಹೆಂಡತಿ ಪಾತ್ರೆ ತೊಳೆಯೋಕೆ ನಾಚ್ಕೊಳ್ತಿದಾಳೆ. ನನಗೂ ಒಂದು ಬೇಕು. ವಾಪಸು ನೋಡೋ ಅಂಥದ್ದು. ಅದಕ್ಕಿಂತ ಕೆಟ್ಟದಾಗಿ."

ವಾಪಸು ನೋಡುವ ಅಚ್ಚು ನೇಗೊವಾನನ ಬಳಿ ಇರಲಿಲ್ಲ. ಯಾರ ಬಳಿಯೂ ಇರಲಿಲ್ಲ. ವ್ಯಾನು ಇನ್ನೂ ಗ್ಯಾರೇಜಿನಲ್ಲಿತ್ತು, ಬೇರೆ ಕೆಲಸವೂ ಇರಲಿಲ್ಲ. ಅವನು ಸರಳುಗಳನ್ನು ಬಗ್ಗಿಸಿ ಕಟ್ಟಿದ, ಅದರ ಮೇಲೆ ಸಿಮೆಂಟು ಮೆತ್ತಿದ, ಸ್ತಾಮೆಂಕಾಳ ಸಾರಿನ ಸೌಟಿನಿಂದ ಕೊರಳು ಕೆತ್ತಿದ. ಒಂದು ವಾರ. ಕೇಸರದ ಒಂದೊಂದು ಎಳೆಯನ್ನೂ ಹಲ್ಲಿನ ಚಾಕುವಿನಿಂದ ಬಿಡಿಸಿದ. ನಾನು ಸಂಜೆ ಕೆಲಸ ಮುಗಿಸಿ ಆ ದಾರಿಯಲ್ಲಿ ಬಂದಾಗಲೆಲ್ಲ ಅವನು ಮೊಣಕಾಲೂರಿ ಅದರ ಎದುರು ಕೂತಿರುತ್ತಿದ್ದ. ಬುದಿಮಿರ್ ಒಂದು ದಿನ ಶೀರ್ಷಿಕೆ ಹೇಳಲು ಬಂದ. ಬಾಯಿ ತೆರೆದ, ಸಿಂಹವನ್ನು ನೋಡಿದ, ಬಾಯಿ ಮುಚ್ಚಿಕೊಂಡು ಹೊರಟುಹೋದ.

ಕೋಪದ ಸಿಂಹ ಮಾಡಲು ಹೋಗಿದ್ದ. ಕೋಪ ಬಂದಿರಲಿಲ್ಲ. ಕದ್ದು ನೋಡುತ್ತಿದ್ದಾಗ ಸಿಕ್ಕಿಬಿದ್ದು, ಈಗ ಕಣ್ಣು ಎ‌ಲ್ಲಿಡಬೇಕೆಂದು ತಿಳಿಯದೆ ನಿಂತ ಯಾರನ್ನೋ ಹೋಲುತ್ತಿತ್ತು. ನಾನು ಅದರ ಎದುರು ನಿಂತಾಗ, ಗುಂಡಿಯಲ್ಲಿ ನಿಂತು ನಾನು ಇಷ್ಟು ವರ್ಷ ಕೇಳಿಸಿಕೊಂಡ ಮಾತುಗಳೆಲ್ಲ ಅದಕ್ಕೆ ಗೊತ್ತು ಅನ್ನಿಸಿತು.

ಒಬ್ರೆನ್ ಮೂರು ಸಲ ಬಂದ. ಮೊದಲ ಸಲ ಇನ್ನೂ ಒಣಗಿಲ್ಲ ಎಂದ ನೇಗೊವಾನ್. ಎರಡನೇ ಸಲ ಕಾಲು ಸರಿಯಾಗಿಲ್ಲ ಎಂದ. ಮೂರನೇ ಸಲ ಒಬ್ರೆನ್ ರೇಗಿದ.

"ಅಲ್ಲಯ್ಯ, ಕೊಡೋದಿದ್ಯೋ ಇಲ್ವೋ? ವ್ಯಾನು ರಿಪೇರಿ ಆಗಿ ಅಲ್ಲೇ ನಿಂತಿದೆ, ವಿಮೇನೂ ಸರಿಯಾಗಿದೆಯಂತೆ. ತುಂಬು, ಹೋಗೋಣ!"

ನೇಗೊವಾನ್ ಕೈ ಒರೆಸಿಕೊಂಡ. "ಮಲಗಿದ ಸಿಂಹ ಎರಡು ಕೊಡ್ತೀನಿ, ಒಂದರ ಬೆಲೆಗೆ. ಇದನ್ನ ಕೊಡಲ್ಲ."

"ಯಾಕೆ?"

ಸ್ತಾಮೆಂಕಾ ಅಡುಗೆಮನೆಯಿಂದ ಬಂದು, ಕೈಯಲ್ಲಿದ್ದ ಕಂಬಳಿಯನ್ನು ಸಿಂಹದ ಬೆನ್ನ ಮೇಲೆ ಹಾಕಿ, ಮಳೆ ಬರುವ ಹಾಗಿದೆ ಎಂದಳು. ಒಬ್ರೆನ್ ಆಕಾಶ ನೋಡಿದ. ಒಂದು ಮೋಡವೂ ಇರಲಿಲ್ಲ. ಎರಡು ಮಲಗಿದ ಸಿಂಹಗಳನ್ನು ವ್ಯಾನಿಗೆ ಹತ್ತಿಸಿ, ಕಟ್ಟಡ ಸಾಮಗ್ರಿ ಎಂದು ಚೀಟಿ ಬರೆದು, ನಾವು ದುಬ್ರಾವಾ ಕಡೆ ಹೊರಟೆವು.